ಸ್ಕಿಡ್ ಪ್ಲೇಟ್ (ಕ್ವಾಡ್ ಬೈಕ್)

ಸ್ಕಿಡ್ ಪ್ಲೇಟ್: ಕಲ್ಲುನೆಲ, ಹಳ್ಳ, ಹೊಲ, ತೋಟದ ದಾರಿಗಳಲ್ಲಿ ಓಡುವ ವಾಹನದ ಹೊಟ್ಟೆಯಡಿ ಬಿಗಿಯುವ ರಕ್ಷಾ ಫಲಕ. ಇದಕ್ಕೆ ಎರಡು ಕೆಲಸ. ಇಂಜಿನ್ನಿನ ಆಯಿಲ್ ಚೇಂಬರ್, ಡಿಫರೆನ್ಷಿಯಲ್, ಪ್ರೊಪೆಲ್ಲರ್ ಶಾಫ್ಟ್, ಚಾಸಿಯ ಕೆಳಕೊಳವೆ ಇವುಗಳಿಗೆ ಕಲ್ಲಿನ ಏಟು ನೇರವಾಗಿ ಬೀಳದಂತೆ ತಡೆಯುವುದು ಒಂದು. ವಾಹನ ಬಂಡೆಯ ಮೇಲೆ ಹೊಟ್ಟೆಯೂರಿದಾಗ ಯಾವ ಮೂಲೆಯೂ ಕಚ್ಚಿಕೊಳ್ಳದೆ ಜಾರಿ ಮುಂದೆ ಸಾಗುವಂತೆ ಮಾಡುವುದು ಇನ್ನೊಂದು. ಕಾರು ಜೀಪುಗಳ ಗ್ಯಾರೇಜುಗಳಲ್ಲಿ ಇದು ಸಂಪ್ ಗಾರ್ಡ್ ಅಥವಾ ಚೇಂಬರ್ ಗಾರ್ಡ್; ರ್‍ಯಾಲಿ ಬೈಕ್ ಸವಾರರ ಬಾಯಲ್ಲಿ ಬ್ಯಾಶ್ ಪ್ಲೇಟ್. ನಾಲ್ಕು ಚಕ್ರದ ಕ್ವಾಡ್ ಬೈಕಿಗೆ ಇಂಥ ಫಲಕ ಆರಿಸುವ ಬಗೆಯನ್ನು ಈ ಲೇಖನ ವಿವರಿಸುತ್ತದೆ. ನೆಲದ ಉದಾಹರಣೆಗೆ ತೆಲಂಗಾಣದ ಗಟ್ಟು, ಗದ್ವಾಲ, ಮಕ್ತಲ್, ನಾರಾಯಣಪೇಟೆ ಸೀಮೆಯನ್ನು ತೆಗೆದುಕೊಂಡಿದೆ. ಗುಂಡುಕಲ್ಲು, ಎರೆ ಕೆಸರು, ಬೆಳೆಯ ಕೂಳೆ ಮೂರೂ ಒಂದೇ ದಿನದ ಓಡಾಟದಲ್ಲಿ ಎದುರಾಗುವ ಸೀಮೆ ಇದು. ಫಲಕದ ಆಯ್ಕೆ ಅಂಗಡಿಯ ಪಟ್ಟಿಯಿಂದ ಶುರುವಾದರೆ ದಾರಿ ತಪ್ಪುತ್ತದೆ; ಮೊದಲು ನೆಲವನ್ನೂ ಆಮೇಲೆ ವಾಹನದ ಅಡಿಯನ್ನೂ ನೋಡಬೇಕು.

ಹಿನ್ನೆಲೆ

ವಾಹನದ ಅಡಿಗೆ ಫಲಕ ಕಟ್ಟುವ ರೂಢಿ ಕ್ವಾಡ್ ಬೈಕಿಗಿಂತ ಹಳೆಯದು. ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪಿನ ಗೇರ್ ಪೆಟ್ಟಿಗೆಯ ಕೆಳಗೆ ಉಕ್ಕಿನ ಫಲಕವಿತ್ತು. ಯುದ್ಧ ಮುಗಿದ ಮೇಲೆ ಮಹೀಂದ್ರ ಕಂಪನಿಯ ಮೂಲಕ ಅದೇ ಜೀಪು ಭಾರತಕ್ಕೆ ಬಂತು. ಮಲೆನಾಡಿನ ಕಾಫಿ ತೋಟಗಳಲ್ಲಿ ಇಂದಿಗೂ ಓಡುವ ಜೀಪುಗಳು ಆ ವಂಶದವೇ.

ಕ್ವಾಡ್ ಬೈಕಿನ ಪೂರ್ವಜ ಮೂರು ಚಕ್ರದ್ದು. ಹೋಂಡಾ ಕಂಪನಿ 1970ರಲ್ಲಿ ಬಲೂನಿನಂಥ ಟಯರುಗಳ ಮೂರು ಚಕ್ರದ ಬಂಡಿಯನ್ನು ಅಮೆರಿಕದ ಮಾರುಕಟ್ಟೆಗೆ ತಂದಿತು. ನಾಲ್ಕು ಚಕ್ರದ ಮೊದಲ ಮಾದರಿ, ಸುಜುಕಿಯ ಕ್ವಾಡ್‌ರನ್ನರ್ ಎಲ್‌ಟಿ125, 1982ರಲ್ಲಿ ಬಂತು. ಮೂರು ಚಕ್ರದವು ತಿರುವುಗಳಲ್ಲಿ ಮಗುಚಿ ಬೀಳುತ್ತಿದ್ದವು. 1988ರಲ್ಲಿ ಅಮೆರಿಕದ ಸರ್ಕಾರ ಮತ್ತು ತಯಾರಕರ ನಡುವೆ ನ್ಯಾಯಾಲಯದಲ್ಲಿ ಒಪ್ಪಂದವಾಗಿ ಅವುಗಳ ಮಾರಾಟ ಅಲ್ಲಿ ನಿಂತಿತು. ಅಲ್ಲಿಂದ ಮುಂದೆ ನಾಲ್ಕು ಚಕ್ರದ್ದೇ ರೂಢಿಯಾಯಿತು.

ಭಾರತದಲ್ಲಿ ಪೊಲಾರಿಸ್ ಕಂಪನಿ 2011ರಿಂದ ವ್ಯಾಪಾರ ಆರಂಭಿಸಿತು. ಕೊಡಗು, ಚಿಕ್ಕಮಗಳೂರು ಮತ್ತು ಬೆಂಗಳೂರಿನ ಹೊರವಲಯದ ರೆಸಾರ್ಟುಗಳಲ್ಲಿ ಬಾಡಿಗೆ ಸವಾರಿಯ ಮೂಲಕ ಕನ್ನಡಿಗರಿಗೆ ಕ್ವಾಡ್ ಪರಿಚಯವಾಯಿತು. ಲಡಾಖಿನ ಎತ್ತರದ ನೆಲದಲ್ಲಿ ಸೇನೆ, ಕಛ್ ರಣದಲ್ಲಿ ಗಡಿ ಭದ್ರತಾ ಪಡೆ ಇಂಥ ವಾಹನಗಳನ್ನು ಬಳಸುತ್ತವೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ 2007ರಿಂದ ನಡೆಯುವ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಯೂ ಈ ವಿದ್ಯೆಯ ಪಾಠಶಾಲೆ. ತಂಡಗಳು ತಾವೇ ಕಟ್ಟಿದ ಒಂಟಿ ಆಸನದ ಬಂಡಿಯನ್ನು ಮಧ್ಯಪ್ರದೇಶದ ಪೀತಾಂಪುರದ ಕಚ್ಚಾ ದಾರಿಯಲ್ಲಿ ಓಡಿಸುತ್ತವೆ. ಚಾಲಕನ ಕಾಲಡಿ ಕಲ್ಲು ನುಗ್ಗದಂತೆ ಅಡಿ ಮುಚ್ಚಿರಬೇಕು ಎಂಬುದು ಆ ಸ್ಪರ್ಧೆಯ ನಿಯಮ.

ರ್‍ಯಾಲಿ ಲೋಕದಲ್ಲಿ ಡಾಕರ್ ಈ ಫಲಕದ ಕಠಿಣ ಪರೀಕ್ಷೆ. 2015ರಲ್ಲಿ ಬೆಂಗಳೂರಿನ ಸಿ. ಎಸ್. ಸಂತೋಷ್ ಅದನ್ನು ಪೂರೈಸಿದರು. 2019ರಲ್ಲಿ ಉಡುಪಿಯ ಕೆ. ಪಿ. ಅರವಿಂದ್ ಪೂರೈಸಿದರು. ಇಬ್ಬರೂ ಓಡಿಸಿದ್ದು ಎರಡು ಚಕ್ರದ ರ್‍ಯಾಲಿ ಬೈಕು. ಇಂಥ ಬೈಕಿನ ಇಂಜಿನ್ ಕೆಳಗಿನ ಬ್ಯಾಶ್ ಪ್ಲೇಟ್ ಕಲ್ಲಿನ ಏಟನ್ನು ತಡೆಯುವುದರ ಜೊತೆಗೆ ತುರ್ತು ನೀರಿನ ತೊಟ್ಟಿಯನ್ನೂ ಹೊರುವುದುಂಟು. ಡಾಕರ್‌ನಲ್ಲಿ 2009ರಿಂದ ಪ್ರತ್ಯೇಕವಾಗಿದ್ದ ಕ್ವಾಡ್ ವಿಭಾಗ 2024ರ ಆವೃತ್ತಿಗೆ ಕೊನೆಗೊಂಡಿತು.

ಕ್ವಾಡಿನ ಅಡಿಯಲ್ಲಿ ಏನೇನಿದೆ

ಕ್ವಾಡ್‌ಗಳಲ್ಲಿ ಎರಡು ಮುಖ್ಯ ಜಾತಿ. ಎರಡರ ಹೊಟ್ಟೆಯೂ ಬೇರೆ, ಬೇಕಾದ ಫಲಕವೂ ಬೇರೆ.

ಕ್ರೀಡಾ ಕ್ವಾಡ್ ಹಗುರವಾದದ್ದು. ಹಿಂದಿನ ಎರಡು ಚಕ್ರಗಳನ್ನು ಸೇರಿಸುವುದು ಒಂದೇ ಗಟ್ಟಿ ಆಕ್ಸಲ್; ಅದನ್ನು ಸ್ವಿಂಗ್ ಆರ್ಮ್ ಹಿಡಿದಿರುತ್ತದೆ, ಚೈನು ತಿರುಗಿಸುತ್ತದೆ. ಯಮಹಾ ರ್‍ಯಾಪ್ಟರ್ 700 ಈ ಜಾತಿಯದು. ಹಿಂದಿನ ಸ್ಪ್ರಾಕೆಟ್ಟೂ ಬ್ರೇಕಿನ ಡಿಸ್ಕೂ ಆಕ್ಸಲ್‌ಗಿಂತ ಕೆಳಗೆ ನೇತಾಡುತ್ತವೆ. ಅಲ್ಲಿ ನೆಲಕ್ಕಿರುವ ಅಂತರ ಸುಮಾರು 11 ಸೆಂ.ಮೀ. ಮಾತ್ರ. ಇಂಜಿನ್ನನ್ನು ಎಷ್ಟೇ ಭದ್ರಪಡಿಸಿದರೂ ಸ್ಪ್ರಾಕೆಟ್ಟಿನ ಹಲ್ಲು ಕಲ್ಲಿಗೆ ಬಡಿದು ಮುರಿದರೆ ಚೈನು ಕಳಚಿ ವಾಹನ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಈ ಜಾತಿಗೆ ಮೊದಲು ಬೇಕಾದದ್ದು ಸ್ವಿಂಗ್ ಆರ್ಮ್ ಗಾರ್ಡ್. ಹೊಟ್ಟೆಯ ಫಲಕ ಎರಡನೆಯದು.

ಕೆಲಸದ ಕ್ವಾಡ್ ಭಾರದ್ದು, 300 ಕಿಲೋಗೂ ಹೆಚ್ಚು. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಮಾದರಿಯಲ್ಲಿ ಮುಂದೆ ಹಿಂದೆ ಡಿಫರೆನ್ಷಿಯಲ್‌ಗಳಿರುತ್ತವೆ. ಪ್ರತಿ ಚಕ್ರಕ್ಕೆ ಪ್ರತ್ಯೇಕ ಸಸ್ಪೆನ್ಷನ್ ಇರುತ್ತದೆ. ಪೊಲಾರಿಸ್ ಸ್ಪೋರ್ಟ್ಸ್‌ಮನ್ 570 ಇದಕ್ಕೆ ಉದಾಹರಣೆ. ನೆಲದಂತರ ಸುಮಾರು 28 ಸೆಂ.ಮೀ. ಇಲ್ಲಿ ನೇತಾಡುವ ಸ್ಪ್ರಾಕೆಟ್ ಇಲ್ಲ. ಅದರ ಬದಲು ಚಕ್ರವನ್ನು ಚಾಸಿಗೆ ಸೇರಿಸುವ ಎ-ಆರ್ಮ್‌ಗಳೂ ಆಕ್ಸಲ್ ತುದಿಯ ರಬ್ಬರ್ ಬೂಟುಗಳೂ ಹೊರಚಾಚಿರುತ್ತವೆ. ಬೂಟು ಹರಿದರೆ ಗ್ರೀಸು ಹೊರಬಂದು ಮಣ್ಣು ಒಳಹೊಕ್ಕು ಜಾಯಿಂಟು ಸವೆಯುತ್ತದೆ. ಆ ಹಾನಿ ಅಂದೇ ಕಾಣುವುದಿಲ್ಲ; ತಿರುವಿನಲ್ಲಿ ಕಟಕಟ ಸದ್ದು ಶುರುವಾದಾಗಲೇ ಗೊತ್ತಾಗುವುದು.

ಪೂರ್ಣ ಸೆಟ್ಟಿನಲ್ಲಿ ಐದು ಬಗೆಯ ತುಂಡುಗಳಿರುತ್ತವೆ: ಮುಂಬದಿಯ ಬಾಗಿದ ಫಲಕ, ನಡುಹೊಟ್ಟೆಯ ಫಲಕ, ಹಿಂಬದಿಯ ಫಲಕ ಅಥವಾ ಸ್ವಿಂಗ್ ಆರ್ಮ್ ಗಾರ್ಡ್, ಎ-ಆರ್ಮ್‌ಗಳಿಗೆ ನಾಲ್ಕು ಗಾರ್ಡ್‌ಗಳು, ಪಕ್ಕದ ಕಾಲಿಡುವ ಹಲಗೆಯಡಿ ಎರಡು ಪಟ್ಟಿಗಳು. ಕಾರ್ಖಾನೆಯಿಂದ ಬರುವ ಕೆಲಸದ ಕ್ವಾಡ್‌ಗಳಲ್ಲಿ ಸಾಮಾನ್ಯವಾಗಿ ತೆಳುವಾದ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಅದು ಕೆಸರು, ಹುಲ್ಲು, ಸಣ್ಣ ಜಲ್ಲಿಗೆ ಸಾಕು. ವಾಹನದ ಭಾರವೆಲ್ಲ ಒಂದು ಗುಂಡುಕಲ್ಲಿನ ಮೇಲೆ ಕೂತಾಗ ಸಾಲದು.

ಗಟ್ಟು ಸೀಮೆಯ ನೆಲ

ಗಟ್ಟು, ಜೋಗುಳಾಂಬ ಗದ್ವಾಲ ಜಿಲ್ಲೆಯ ಒಂದು ಮಂಡಲ. ರಾಯಚೂರು ಜಿಲ್ಲೆಗೆ ತಾಗಿಕೊಂಡಿದೆ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಈ ಭಾಗಕ್ಕೆ ನಡಿಗಡ್ಡ ಎಂದು ಹೆಸರು. ಹೈದರಾಬಾದ್ ರಾಜ್ಯದ ಕಾಲದಲ್ಲಿ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮಹಬೂಬನಗರಕ್ಕೆ ಸೇರಿದವು. ಗದ್ವಾಲ 2016ರಲ್ಲಿ, ನಾರಾಯಣಪೇಟೆ 2019ರಲ್ಲಿ ಪ್ರತ್ಯೇಕ ಜಿಲ್ಲೆಗಳಾದವು. ಮಕ್ತಲ್ ಮತ್ತು ಕೃಷ್ಣಾ ಮಂಡಲಗಳು ನದಿಯ ಉತ್ತರಕ್ಕೆ, ನಾರಾಯಣಪೇಟೆ ಜಿಲ್ಲೆಯಲ್ಲಿವೆ. ಕನ್ನಡ ಮತ್ತು ತೆಲುಗು ಎರಡೂ ಆಡುವ ಈ ಊರುಗಳಿಗೆ ಬಿಡಿಭಾಗ, ತಗಡು, ಬೋಲ್ಟು ಎಂದರೆ ರಾಯಚೂರು ಪೇಟೆಯೇ ಹತ್ತಿರ.

ಕ್ವಾಡ್ ಇಲ್ಲಿ ನಿತ್ಯಬಳಕೆಯ ವಾಹನವಲ್ಲ. ಹೊಲಕ್ಕೆ ಹೋಗುವುದು ಟ್ರ್ಯಾಕ್ಟರು ಮತ್ತು ಮೋಟಾರ್ ಸೈಕಲ್. ಆದರೆ ವಾಹನದ ಅಡಿಗೆ ಬೀಳುವ ಪೆಟ್ಟುಗಳ ಎಲ್ಲ ಮಾದರಿಯೂ ಇಲ್ಲಿದೆ.

ಮೊದಲನೆಯದು ಕಲ್ಲು. ನೆಲದಾಳದಲ್ಲಿ ಪುರಾತನ ನೈಸ್ ಮತ್ತು ಗ್ರಾನೈಟ್ ಶಿಲೆಗಳಿವೆ, ನಡುವೆ ಗದ್ವಾಲ ಶಿಸ್ಟ್ ಪಟ್ಟಿ ಹಾದುಹೋಗುತ್ತದೆ. ಗ್ರಾನೈಟ್ ಸವೆದು ಗುಂಡುಗಳಾಗಿ ಉಳಿದ ಬೋಳುಗುಡ್ಡಗಳು, ಹೊಲದ ಬದುವಿಗೆ ಆಯ್ದು ಹಾಕಿದ ಕಲ್ಲುಗಳು, ಹಳ್ಳದ ತಳದ ಉರುಟುಗಲ್ಲುಗಳು ಎಲ್ಲೆಲ್ಲೂ ಕಾಣುತ್ತವೆ. ಈ ಕಲ್ಲಿನ ಮುಖ್ಯ ಖನಿಜಗಳು ಫೆಲ್ಡ್‌ಸ್ಪಾರ್ ಮತ್ತು ಕ್ವಾರ್ಟ್ಸ್. ಮೋಸ್ ಗಡಸು ಮಾಪನದಲ್ಲಿ 6 ಮತ್ತು 7. ಅಲ್ಯೂಮಿನಿಯಂ 3ರ ಆಸುಪಾಸು, ಸಾದಾ ಉಕ್ಕು 4ರ ಆಸುಪಾಸು. ಆದ್ದರಿಂದ ಯಾವ ಲೋಹದ ಫಲಕವಾದರೂ ಇಲ್ಲಿ ಗೀರು ಬೀಳುವುದು ಖಂಡಿತ.

ಎರಡನೆಯದು ಎರೆ. ಕೃಷ್ಣಾ ತೀರದ ಎರೆ ಭೂಮಿಯ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಮಳೆ ವರ್ಷಕ್ಕೆ 600 ಮಿ.ಮೀ. ಆಸುಪಾಸು, ಬಂದಷ್ಟೂ ಜೂನ್‌ನಿಂದ ಅಕ್ಟೋಬರ್ ಒಳಗೆ. ಆ ದಿನಗಳಲ್ಲಿ ಎರೆ ಕೆಸರು ಫಲಕ ಮತ್ತು ಇಂಜಿನ್ ನಡುವಿನ ಸಂದಿಗೆ ಹೊಕ್ಕು ಗಟ್ಟಿಯಾಗುತ್ತದೆ. ಹತ್ತು ಲೀಟರ್ ಜಾಗ ತುಂಬಿದರೂ ಸಾಕು, ಹದಿನೈದು ಇಪ್ಪತ್ತು ಕಿಲೋ ಭಾರ. ಅಂದರೆ ಫಲಕದ ತೂಕಕ್ಕಿಂತ ಹೆಚ್ಚು. ಜೊತೆಗೆ ಇಂಜಿನ್ನಿಗೆ ಗಾಳಿ ತಾಗದೆ ಬಿಸಿ ಏರುತ್ತದೆ.

ಮೂರನೆಯದು ಕೂಳೆ ಮತ್ತು ಮುಳ್ಳು. ಗದ್ವಾಲ, ಗಟ್ಟು ಸೀಮೆ ಹತ್ತಿ ಬೀಜೋತ್ಪಾದನೆಗೆ ಹೆಸರಾದದ್ದು. ತೊಗರಿ, ಶೇಂಗಾ, ಜೋಳವೂ ಇವೆ. ಕೊಯ್ಲಾದ ಮೇಲೆ ನಿಲ್ಲುವ ಹತ್ತಿ ಕಟಿಗಿ, ತೊಗರಿ ಕೂಳೆಗಳು ಓರೆಯಾಗಿ ಕತ್ತರಿಸಿದ್ದರಿಂದ ಮೊನಚಾಗಿರುತ್ತವೆ. ಅವು ಗಟ್ಟಿ ಫಲಕಕ್ಕೆ ಏನೂ ಮಾಡವು. ಆದರೆ ಫಲಕದ ರಂಧ್ರಗಳ ಮೂಲಕ ನುಗ್ಗಿ ಬ್ರೇಕ್ ಹೋಸ್, ವೈರಿಂಗ್, ರಬ್ಬರ್ ಬೂಟುಗಳನ್ನು ಚುಚ್ಚುತ್ತವೆ. ಹಳ್ಳದ ದಂಡೆಗಳಲ್ಲಿ ಬೆಳೆದ ಬಳ್ಳಾರಿ ಜಾಲಿಯನ್ನು ಕಡಿದ ಬುಡಗಳು ಹುಲ್ಲಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಅವು ಎ-ಆರ್ಮ್‌ಗೆ ಬಡಿಯುತ್ತವೆ.

ನಾಲ್ಕನೆಯದು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬಿಸಿಲಿಗೆ ನಿಂತ ವಾಹನದ ಕಪ್ಪು ಪ್ಲಾಸ್ಟಿಕ್ ಇನ್ನೂ ಬಿಸಿಯಾಗುತ್ತದೆ. ಇದು ಪ್ಲಾಸ್ಟಿಕ್ ಫಲಕದ ಜೋಡಣೆಯನ್ನು ನೇರವಾಗಿ ಮುಟ್ಟುವ ಸಂಗತಿ.

ವಸ್ತುಗಳು

ಸಾದಾ ಉಕ್ಕು: ಅಂಗಡಿಯಲ್ಲಿ ಎಂಎಸ್ ಶೀಟ್ ಎಂದು ಸಿಗುವುದು, ಐಎಸ್ 2062 ದರ್ಜೆಯದು. ಅಗ್ಗ, ಎಲ್ಲಿಯೂ ಸಿಗುತ್ತದೆ, ಯಾವ ಊರಿನ ವೆಲ್ಡಿಂಗ್ ಅಂಗಡಿಯವರೂ ಕತ್ತರಿಸಿ ಬೆಸೆಯಬಲ್ಲರು. ತಗ್ಗು ಬಿದ್ದರೆ ಸುತ್ತಿಗೆಯಿಂದ ಬಡಿದು ಸರಿಮಾಡಬಹುದು. ದೋಷಗಳು ಭಾರ ಮತ್ತು ತುಕ್ಕು. ಗೀರು ಬಿದ್ದಲ್ಲೆಲ್ಲ ಬಣ್ಣ ಹೋಗುತ್ತದೆ. ಅಲ್ಲಿ ಒದ್ದೆ ಎರೆ ಅಂಟಿಕೊಂಡಿದ್ದರೆ ಒಂದು ಮಳೆಗಾಲದಲ್ಲೇ ತುಕ್ಕು ಹಿಡಿಯುತ್ತದೆ. ಉಬ್ಬುಗೆರೆಯ ಚೆಕರ್ಡ್ ಪ್ಲೇಟ್ ನೋಡಲು ಗಟ್ಟಿಮುಟ್ಟಾಗಿ ಕಂಡರೂ ಇದಕ್ಕೆ ಸಲ್ಲದು. ಕಾಲು ಜಾರದಂತೆ ಮಾಡಿದ ಆ ಗೆರೆಗಳು ಕಲ್ಲನ್ನೂ ಕಚ್ಚುತ್ತವೆ.

ಅಲ್ಯೂಮಿನಿಯಂ: ತಯಾರಾದ ಸೆಟ್ಟುಗಳಲ್ಲಿ ಬಹುಪಾಲು ಇದರದ್ದು, ಅಮೆರಿಕದ ರಿಕೊಶೆ, ಎಸ್ತೋನಿಯದ ಐರನ್ ಬಾಲ್ಟಿಕ್ ಮುಂತಾದ ತಯಾರಕರು ಕ್ವಾಡಿನ ಮಾದರಿಗೆ ತಕ್ಕಂತೆ ಮಾಡಿಕೊಡುತ್ತಾರೆ. ಮಿಶ್ರಲೋಹದ ಸಂಖ್ಯೆಯನ್ನು ಕೇಳಿಯೇ ಕೊಳ್ಳಬೇಕು. 5052 ದರ್ಜೆ ಬಾಗಿಸಿದರೆ ಬಿರಿಯುವುದಿಲ್ಲ, ನೀರಿಗೆ ತಾಳುತ್ತದೆ. ಏಟು ಬಿದ್ದಾಗ ತಗ್ಗಾಗುತ್ತದೆಯೇ ಹೊರತು ಒಡೆಯುವುದಿಲ್ಲ. 6061-ಟಿ6 ಅದಕ್ಕಿಂತ ಬಲಶಾಲಿ, ಆದರೆ ಕಿರಿದಾದ ತಿರುವಿನಲ್ಲಿ ಬಾಗಿಸಿದರೆ ಬಿರುಕು ಬಿಡುತ್ತದೆ. ಬೆಸೆದ ಕಡೆ ಬಲ ಕುಗ್ಗುತ್ತದೆ. ಅಲ್ಯೂಮಿನಿಯಂನ ಮುಖ್ಯ ದೋಷ ಮೃದುತನ. ಚೂಪುಗಲ್ಲಿನ ಮೇಲೆ ಎಳೆದಾಗ ಗೀರು ಆಳಕ್ಕೆ ಇಳಿದು ಕಲ್ಲು ಅದರಲ್ಲೇ ಸಿಕ್ಕಿಕೊಳ್ಳುತ್ತದೆ; ಜಾರಬೇಕಾದ ವಾಹನ ನಿಲ್ಲುತ್ತದೆ. ಸದ್ದೂ ಜಾಸ್ತಿ.

ಯುಎಚ್‌ಎಂಡಬ್ಲ್ಯು ಪಾಲಿಎಥಿಲಿನ್: ಅತಿ ಉದ್ದದ ಅಣುಸರಪಳಿಯ ಪ್ಲಾಸ್ಟಿಕ್. ಗಣಿಗಳಲ್ಲಿ ಕಲ್ಲಿದ್ದಲು ಜಾರುವ ಚೂಟ್‌ಗಳ ಒಳಪದರಕ್ಕೆ ಇದನ್ನೇ ಹಾಕುತ್ತಾರೆ. ನೀರಿಗಿಂತ ಹಗುರ, ತುಕ್ಕಿಲ್ಲ, ಜಾರುವ ಗುಣ ಹೆಚ್ಚು, ಸದ್ದು ಕಡಿಮೆ. ಏಟು ಬಿದ್ದಾಗ ಬಾಗಿ ಮತ್ತೆ ತನ್ನ ಆಕಾರಕ್ಕೆ ಬರುತ್ತದೆ. ಎರೆ ಕೆಸರೂ ಇದಕ್ಕೆ ಲೋಹಕ್ಕೆ ಅಂಟುವಷ್ಟು ಅಂಟುವುದಿಲ್ಲ. ದೋಷಗಳೂ ಇವೆ. ಬಿಗಿತನ ತೀರ ಕಡಿಮೆ. ಹಿಂದೆ ಚಾಸಿಯ ಕೊಳವೆಯ ಆಸರೆ ಇಲ್ಲದ ಕಡೆ ಬಾಗಿ ಚೇಂಬರಿಗೆ ತಾಗುತ್ತದೆ. 80 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ. 135 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಆದ್ದರಿಂದ ಸೈಲೆನ್ಸರ್ ಕೊಳವೆ ಹತ್ತಿರ ಬರುವಲ್ಲಿ ಇದನ್ನು ಹಾಕಬಾರದು. ಬಿಸಿಲಿಗೆ ತಾಳಬೇಕಾದರೆ ಇಂಗಾಲಪುಡಿ ಬೆರೆಸಿದ ಕಪ್ಪು ಬಣ್ಣದ್ದೇ ಬೇಕು.

ಸ್ಟೇನ್‌ಲೆಸ್ ಸ್ಟೀಲ್: ತುಕ್ಕಿಲ್ಲ, ಗಟ್ಟಿ, ಆದರೆ ಭಾರ ಮತ್ತು ದುಬಾರಿ, ರಂಧ್ರ ಕೊರೆಯುವುದು ಕಷ್ಟ. ಇಡೀ ಹೊಟ್ಟೆಗೆ ಇದನ್ನು ಬಳಸುವವರು ಕಡಿಮೆ. ಸ್ಪ್ರಾಕೆಟ್ಟಿನ ಕೆಳಗಿನ ಸಣ್ಣ ತುಂಡಿಗೆ ಒಳ್ಳೆಯದು.

ಅರ್ಧ ಚದರ ಮೀಟರ್ ಹೊಟ್ಟೆಯ ಫಲಕವೊಂದನ್ನು ಲೆಕ್ಕಕ್ಕೆ ಹಿಡಿದರೆ ಹೋಲಿಕೆ ಹೀಗೆ ಬರುತ್ತದೆ. 3 ಮಿ.ಮೀ. ಉಕ್ಕಿನ ಬಿಗಿತನವನ್ನು 100 ಎಂದು ಇಟ್ಟುಕೊಂಡಿದೆ. ಹಿಗ್ಗುವಿಕೆ ಒಂದು ಮೀಟರ್ ಉದ್ದಕ್ಕೆ, ಉಷ್ಣತೆ 30 ಡಿಗ್ರಿ ಏರಿದಾಗಿನದು.

| ವಸ್ತು | ದಪ್ಪ (ಮಿ.ಮೀ.) | ತೂಕ (ಕಿಲೋ) | ಬಿಗಿತನ | ಹಿಗ್ಗುವಿಕೆ (ಮಿ.ಮೀ.) |
|---|---|---|---|---|
| ಸಾದಾ ಉಕ್ಕು | 3 | 11.8 | 100 | 0.4 |
| ಸ್ಟೇನ್‌ಲೆಸ್ 304 | 2 | 8.0 | ಸುಮಾರು 30 | 0.5 |
| ಅಲ್ಯೂಮಿನಿಯಂ 5052 | 4 | 5.4 | ಸುಮಾರು 80 | 0.7 |
| ಯುಎಚ್‌ಎಂಡಬ್ಲ್ಯು | 10 | 4.7 | ಸುಮಾರು 15 | 5ರ ಆಸುಪಾಸು |

ಬಿಗಿತನ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. 4 ಮಿ.ಮೀ. ಅಲ್ಯೂಮಿನಿಯಂ ಬದಲು 5 ಮಿ.ಮೀ. ಹಾಕಿದರೆ ತೂಕ ಕಾಲು ಪಾಲು ಹೆಚ್ಚುತ್ತದೆ. ಬಿಗಿತನ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹೀಗಾಗಿ ಹೊಟ್ಟೆಯ ಫಲಕಕ್ಕೆ ಅಲ್ಯೂಮಿನಿಯಂ 4ರಿಂದ 5, ಪ್ಲಾಸ್ಟಿಕ್ 8ರಿಂದ 12, ಉಕ್ಕು 3 ಮಿ.ಮೀ. ಎಂಬ ಮಿತಿಯಲ್ಲಿ ಆಯ್ಕೆ ನಡೆಯುತ್ತದೆ. ತಗಡನ್ನು ಗೇಜ್ ಲೆಕ್ಕದಲ್ಲಿ ಕೇಳುವವರು ನೆನಪಿಡಬೇಕಾದದ್ದು: 16 ಗೇಜ್ ಎಂದರೆ ಬರೀ 1.6 ಮಿ.ಮೀ., 10 ಗೇಜ್ ಎಂದರೆ 3.2 ಮಿ.ಮೀ.ಗೆ ತುಸು ಹೆಚ್ಚು. ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳು.

ಏಟಿನ ಲೆಕ್ಕ

ಸವಾರನೂ ಸೇರಿ 400 ಕಿಲೋ ತೂಗುವ ಕ್ವಾಡ್ 25 ಸೆಂ.ಮೀ. ಎತ್ತರದ ಬದುವಿನಿಂದ ಇಳಿದು ಹೊಟ್ಟೆಯೂರಿತು ಎನ್ನೋಣ. ಬಿಡುಗಡೆಯಾಗುವ ಶಕ್ತಿ ಸುಮಾರು 1,000 ಜೂಲ್. ಅದರಲ್ಲಿ ಬಹುಪಾಲನ್ನು ಟಯರು ಮತ್ತು ಶಾಕ್ ಅಬ್ಸಾರ್ಬರ್ ನುಂಗುತ್ತವೆ. ಪೂರ್ತಿ ಫಲಕದ ಮೇಲೇ ಬಿತ್ತೆಂದು ಇಟ್ಟುಕೊಂಡರೆ, 10 ಮಿ.ಮೀ. ಬಾಗಿ ನಿಲ್ಲುವ ಫಲಕಕ್ಕೆ ಸರಾಸರಿ 100 ಕಿಲೋನ್ಯೂಟನ್ ಬಲ ತಗಲುತ್ತದೆ, 40 ಮಿ.ಮೀ. ಬಾಗಿ ನಿಂತರೆ 25 ಕಿಲೋನ್ಯೂಟನ್ ಮಾತ್ರ. ಬಾಗುವ ಫಲಕ ಏಟನ್ನು ಹಂಚಿ ತಗ್ಗಿಸುತ್ತದೆ. ಆದರೆ ಬಾಗಲು ಜಾಗವಿರಬೇಕು. ಚೇಂಬರಿಗೆ ಒತ್ತಿಕೊಂಡೇ ಕೂರಿಸಿದ ಫಲಕ ಎಷ್ಟು ದಪ್ಪವಿದ್ದರೂ ಏಟನ್ನು ನೇರ ಒಳಗೆ ದಾಟಿಸುತ್ತದೆ. ಕೊಳ್ಳುವ ಮುಂಚೆ ಫಲಕ ಮತ್ತು ಚೇಂಬರಿನ ನಡುವೆ ಬೆರಳು ಆಡುತ್ತದೆಯೇ, ಫಲಕದ ಭಾರ ಚಾಸಿಯ ಕೊಳವೆಗಳ ಮೇಲೆ ಕೂತಿದೆಯೇ ಎಂಬುದನ್ನು ನೋಡುವುದು ಇದಕ್ಕಾಗಿ. ಈ ಸಂದಿ ಜಾಸ್ತಿಯಾದರೆ ನೆಲದಂತರ ಕಡಿಮೆಯಾಗುತ್ತದೆ, ಕೆಸರೂ ತುಂಬುತ್ತದೆ. ಆದ್ದರಿಂದ ಬೆರಳಗಲ ಅಂತರವೇ ರೂಢಿ.

ಜೋಡಣೆ

ಫಲಕ ಕೆಡುವುದಕ್ಕಿಂತ ಹೆಚ್ಚಾಗಿ ಕೆಡುವುದು ಅದರ ಬೋಲ್ಟು. ಕೆಳಗೆ ಚಾಚಿದ ಷಡ್ಭುಜ ತಲೆ ಕೆಲವೇ ಸವಾರಿಗಳಲ್ಲಿ ಕಲ್ಲಿಗೆ ಉಜ್ಜಿ ಅಂಚು ಕಳೆದುಕೊಂಡು ಗುಂಡಗಾಗುತ್ತದೆ. ಆಮೇಲೆ ಪಾನ ಹಿಡಿಯುವುದಿಲ್ಲ. ಆಯಿಲ್ ಬದಲಿಸಲು ಫಲಕ ಬಿಚ್ಚಬೇಕಾದ ದಿನ ಮೆಕ್ಯಾನಿಕ್ ಗ್ರೈಂಡರಿನಿಂದ ಆ ತಲೆಯ ಮೇಲೊಂದು ಗೆರೆ ಕೊರೆದು ಸ್ಕ್ರೂಡ್ರೈವರ್ ಹಾಕಿ ನೋಡುತ್ತಾನೆ. ಅದಕ್ಕೂ ಬಾರದಿದ್ದರೆ ಮೇಲೊಂದು ನಟ್ ಬೆಸೆದು, ಬೆಸುಗೆಯ ಬಿಸಿ ಆರುವ ಮುಂಚೆ ತಿರುಗಿಸುತ್ತಾನೆ. ಇದನ್ನು ತಪ್ಪಿಸಲು ತಲೆ ಫಲಕದೊಳಗೆ ಹುದುಗುವ ಆಲನ್ ಬೋಲ್ಟು, ಅದಕ್ಕೆ ತಕ್ಕ ಗುಳಿ ಅಥವಾ ಬಟ್ಟಲು ವಾಷರ್ ಇರಬೇಕು. ದಪ್ಪ ಪ್ಲಾಸ್ಟಿಕ್ಕಿನಲ್ಲಿ ಗುಳಿ ಕೊರೆಯಲು ಜಾಗ ಹೆಚ್ಚು, 3 ಮಿ.ಮೀ. ತಗಡಿನಲ್ಲಿ ತಲೆ ಪೂರ್ತಿ ಹುದುಗುವುದಿಲ್ಲ.

ಪ್ಲಾಸ್ಟಿಕ್ ಫಲಕದ ರಂಧ್ರಗಳು ಉದ್ದನೆಯವಾಗಿರಬೇಕು. ಮೀಟರ್ ಉದ್ದದ ಹಲಗೆ ಬಿಸಿಲಿಗೆ 5 ಮಿ.ಮೀ. ಹಿಗ್ಗುತ್ತದೆ. ಗುಂಡು ರಂಧ್ರದಲ್ಲಿ ಬಿಗಿದಿದ್ದರೆ ನಡುವೆ ಉಬ್ಬುತ್ತದೆ, ಇಲ್ಲವೇ ಬೋಲ್ಟಿನ ಸುತ್ತ ಹರಿಯುತ್ತದೆ. ಒಂದು ತುದಿಯನ್ನು ಗಟ್ಟಿಯಾಗಿ ಬಿಗಿದು ಉಳಿದವಕ್ಕೆ ಅಗಲ ವಾಷರ್ ಮತ್ತು ಬುಷ್ ಕೊಟ್ಟು ಜಾರಲು ಬಿಡುವುದು ಸರಿಯಾದ ಕ್ರಮ.

ಅಲ್ಯೂಮಿನಿಯಂ ಫಲಕಕ್ಕೆ ಉಕ್ಕಿನ ಬೋಲ್ಟು ಹಾಕಿ ಒದ್ದೆ ಮಣ್ಣಿನಲ್ಲಿ ಓಡಿಸಿದರೆ ಎರಡು ಲೋಹಗಳ ನಡುವೆ ವಿದ್ಯುತ್ ರಾಸಾಯನಿಕ ಕ್ರಿಯೆ ನಡೆದು ಅಲ್ಯೂಮಿನಿಯಂ ಕೊರೆದುಹೋಗುತ್ತದೆ, ಬೋಲ್ಟು ಕಚ್ಚಿಕೊಳ್ಳುತ್ತದೆ. ನೈಲಾನ್ ವಾಷರ್ ಮತ್ತು ಗ್ರೀಸು ಇದಕ್ಕೆ ಮದ್ದು. ಚಾಸಿಯ ಕೊಳವೆಗೆ ರಂಧ್ರ ಕೊರೆಯುವುದು ಸಲ್ಲದು. ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ಕೊಳವೆಯನ್ನು ಅಪ್ಪಿ ಹಿಡಿಯುವ ಕ್ಲಾಂಪುಗಳೇ ಲೇಸು.

ಆಯಿಲ್ ಇಳಿಸುವ ಬಿರಡೆಯ ಕೆಳಗೆ ತೂತು, ನೀರು ಕೆಸರು ಹರಿದುಹೋಗಲು ಕಂಡಿಗಳು, ಗಾಳಿಗೆ ದಾರಿ ಇವೂ ಬೇಕು. ಕೂಳೆಯ ನೆಲದಲ್ಲಿ ಕಂಡಿಗಳು ಕಿರಿದಾಗಿ ಹಿಂದಕ್ಕೆ ಓರೆಯಾಗಿರಬೇಕು. ದೊಡ್ಡ ಗುಂಡು ತೂತುಗಳಿದ್ದರೆ ಹತ್ತಿ ಕಟಿಗಿ ಒಳಹೊಕ್ಕು ಮುರಿದು ಅಲ್ಲೇ ಉಳಿಯುತ್ತದೆ. ಫಲಕದ ತುಂಡುಗಳು ಒಂದರ ಮೇಲೊಂದು ಬರುವ ಕಡೆ ಮುಂದಿನದು ಕೆಳಗೆ, ಹಿಂದಿನದು ಮೇಲೆ ಇರಬೇಕು. ತಿರುಗುಮುರುಗಾದರೆ ಸಂದಿನ ಅಂಚು ಕಲ್ಲಿಗೆ ಸಿಕ್ಕಿ ಸುಲಿದು ಬರುತ್ತದೆ.

ಸ್ಥಳೀಯ ತಯಾರಿಕೆ

ಹೊರದೇಶದ ಸೆಟ್ಟುಗಳಿಗೆ ಸಾಗಣೆ ಮತ್ತು ಸುಂಕ ಸೇರಿ ಬೆಲೆ ಏರುತ್ತದೆ; ಹಳೆಯ ಮಾದರಿಗಳಿಗೆ ಸಿಗುವುದೂ ಇಲ್ಲ. ಆಗ ಊರಿನ ಫ್ಯಾಬ್ರಿಕೇಷನ್ ಅಂಗಡಿಯೇ ಗತಿ. ವಾಹನವನ್ನು ಎತ್ತಿ ನಿಲ್ಲಿಸಿ, ಹೊಟ್ಟೆಗೆ ರಟ್ಟು ಹಿಡಿದು ಕೊಳವೆಗಳ ಗುರುತು, ಬಿರಡೆಯ ಜಾಗ, ಬಾಗುವ ಗೆರೆಗಳನ್ನು ಬರೆದುಕೊಳ್ಳುತ್ತಾರೆ. ಶಾಕ್ ಅಬ್ಸಾರ್ಬರ್ ಪೂರ್ತಿ ಕುಗ್ಗಿದಾಗ ಎ-ಆರ್ಮ್ ಎಲ್ಲಿಗೆ ಬರುತ್ತದೆ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿದಾಗ ಟೈ ರಾಡ್ ಎಲ್ಲಿ ಹಾಯುತ್ತದೆ ಎಂಬುದನ್ನೂ ಆಡಿಸಿ ನೋಡಬೇಕು. ಚಕ್ರ ನೆಲ ಬಿಟ್ಟಿರುವಾಗ ಮಾತ್ರ ಅಳತೆ ತೆಗೆದರೆ ಮೊದಲ ತಗ್ಗಿನಲ್ಲೇ ಫಲಕ ತಾಗುತ್ತದೆ. ರಟ್ಟಿನಂತೆ ತಗಡು ಕತ್ತರಿಸಿ, ಮುಂಬದಿಯನ್ನು ಮೇಲಕ್ಕೆ ಬಾಗಿಸಿ, ಪಕ್ಕದ ಅಂಚುಗಳನ್ನು ಎರಡು ಬೆರಳಷ್ಟು ಮಡಿಸಿದರೆ ಬಿಗಿತನ ಹೆಚ್ಚುತ್ತದೆ. ಅಲ್ಯೂಮಿನಿಯಂ ಬೆಸೆಯಲು ಟಿಗ್ ಅಥವಾ ಮಿಗ್ ಯಂತ್ರ ಬೇಕು. ಸಾದಾ ರಾಡಿನ ವೆಲ್ಡಿಂಗ್ ನಡೆಯುವುದಿಲ್ಲ. ಯುಎಚ್‌ಎಂಡಬ್ಲ್ಯು ಹಲಗೆಯನ್ನು ಮರಗೆಲಸದ ಜಿಗ್‌ಸಾದಿಂದಲೇ ಕತ್ತರಿಸಬಹುದು. ಬಾಗಿಸಬೇಕಾದಲ್ಲಿ ಒಳಮೈಗೆ ವಿ ಆಕಾರದ ಗೆರೆ ತೋಡುತ್ತಾರೆ. ಅಂಟಿಸುವುದು, ಬಣ್ಣ ಬಳಿಯುವುದು ಆಗದ ಮಾತು.

ಆಯ್ಕೆಯ ಕ್ರಮ

ಗಟ್ಟು ಸೀಮೆಯಂಥ ಮಿಶ್ರ ನೆಲದಲ್ಲಿ ಕೆಲಸದ ಕ್ವಾಡಿಗೆ ಮಿಶ್ರ ಕವಚವೇ ಹೊಂದುತ್ತದೆ. ಚಾಸಿಯ ಕೊಳವೆಗಳ ಆಸರೆಯಿರುವ ನಡುಹೊಟ್ಟೆಗೆ 10 ಮಿ.ಮೀ. ಯುಎಚ್‌ಎಂಡಬ್ಲ್ಯು ಹಾಕಬೇಕು, ಗುಂಡುಕಲ್ಲಿನ ಮೇಲೆ ಜಾರುವುದಕ್ಕೂ ಎರೆ ಬಿಡಿಸುವುದಕ್ಕೂ ಅದೇ ಅನುಕೂಲ. ಆಸರೆ ಕಡಿಮೆ ಇರುವ ಮುಂಬದಿಗೂ ಸೈಲೆನ್ಸರ್ ಕೊಳವೆಯ ಪಕ್ಕಕ್ಕೂ 4 ಮಿ.ಮೀ. 5052 ಅಲ್ಯೂಮಿನಿಯಂ ಸಾಕು. ಎ-ಆರ್ಮ್‌ಗಳಿಗೆ 6 ಮಿ.ಮೀ. ಪ್ಲಾಸ್ಟಿಕ್ ಗಾರ್ಡ್ ಹಾಕಿದರೆ ಜಾಲಿ ಬುಡದ ಏಟಿಗೆ ಬಾಗಿ ಹಿಂದಿರುಗುತ್ತದೆ.

ಕ್ರೀಡಾ ಕ್ವಾಡಿಗೆ ಸ್ವಿಂಗ್ ಆರ್ಮ್ ಗಾರ್ಡ್ ಮೊದಲು. ಅದು ಸ್ಪ್ರಾಕೆಟ್ ಮತ್ತು ಡಿಸ್ಕ್ ಎರಡನ್ನೂ ಮುಚ್ಚಬೇಕು, ಚೈನಿನ ಬಿಗಿತ ಹೊಂದಿಸಲು ಅಡ್ಡಿಯಾಗಬಾರದು. ಕಡಿಮೆ ಖರ್ಚಿನಲ್ಲಿ ಮುಗಿಸಬೇಕಾದವರು 3 ಮಿ.ಮೀ. ಎಂಎಸ್ ಶೀಟನ್ನು ಚೇಂಬರಿನ ಕೆಳಗೆ ಮಾತ್ರ ಹಾಕಿಸಬಹುದು. ಬರೀ ಎರೆ ಹೊಲದಲ್ಲೇ ಓಡುವ, ಕಲ್ಲಿಗೆ ಹೋಗದ ವಾಹನಕ್ಕೆ ಕಾರ್ಖಾನೆಯ ಹೊದಿಕೆಯೇ ಸಾಕು. ಅಲ್ಲಿ ದಪ್ಪ ಫಲಕ ಕೆಸರು ಹಿಡಿಯುವ ತೊಟ್ಟಿಯಾಗುತ್ತದೆ. ಕೊಡಗು, ಸಕಲೇಶಪುರದ ತೋಟದ ದಾರಿಗಳಲ್ಲಿ ಬೇರು ಮತ್ತು ಕೆಸರು ಹೆಚ್ಚಾದ್ದರಿಂದ ಪೂರ್ತಿ ಪ್ಲಾಸ್ಟಿಕ್ ಸೆಟ್ ನಡೆಯುತ್ತದೆ. ಹಂಪಿ, ರಾಯಚೂರು, ಕೋಲಾರದ ಬಂಡೆನೆಲಕ್ಕೆ ಲೋಹದ ಆಸರೆ ಇಲ್ಲದ ಪ್ಲಾಸ್ಟಿಕ್ ಸಾಲದು.

ಪಾಲನೆ

ಪ್ರತಿ ಕೆಸರು ಸವಾರಿಯ ನಂತರ, ಎರೆ ಒಣಗುವ ಮುಂಚೆ, ಕಂಡಿಗಳ ಮೂಲಕ ನೀರು ಹಾಯಿಸಬೇಕು. ಒಣಹುಲ್ಲು, ಶೇಂಗಾ ಹೊಟ್ಟು ಫಲಕದೊಳಗೆ ಸೇರಿ ಸೈಲೆನ್ಸರಿಗೆ ತಾಗಿದರೆ ಬೆಂಕಿ ಹತ್ತುತ್ತದೆ. ಸುಗ್ಗಿಯ ಕಾಲದಲ್ಲಿ ಇದನ್ನು ದಿನವೂ ನೋಡಬೇಕು. ಹೊಸ ಫಲಕದ ಬೋಲ್ಟುಗಳನ್ನು ಮೊದಲ ಸವಾರಿಯ ಬಳಿಕ ಮತ್ತೆ ಬಿಗಿಯಬೇಕು. ಫಲಕ ಆಯಿಲ್ ಸೋರಿಕೆಯನ್ನು ಮರೆಮಾಡುತ್ತದೆ. ಕೆಳಗೆ ಹನಿ ಬೀಳದಿದ್ದರೂ ಒಳಗೆ ಮಣ್ಣು ಎಣ್ಣೆಯಲ್ಲಿ ನೆಂದಿರಬಹುದು. ಆದ್ದರಿಂದ ಆಯಿಲ್ ಬದಲಿಸುವಾಗ ತೂತಿನಲ್ಲೇ ಕೆಲಸ ಮುಗಿಸದೆ ಫಲಕವನ್ನು ಪೂರ್ತಿ ಇಳಿಸಿ ತೊಳೆಯುವುದು ಒಳ್ಳೆಯದು. ಅಲ್ಯೂಮಿನಿಯಂನ ಆಳ ಗೀರುಗಳನ್ನು ಅರದಿಂದ ಉಜ್ಜಿ ನಯಮಾಡಿದರೆ ಮತ್ತೆ ಜಾರುತ್ತದೆ. ಪ್ಲಾಸ್ಟಿಕ್ಕಿನ ಎದ್ದ ಸಿಪ್ಪೆಗಳನ್ನು ಚಾಕುವಿನಿಂದ ಹೆರೆದರೆ ಸಾಕು.

ಕಾನೂನು ಮತ್ತು ಮಿತಿ

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅನುಮೋದನೆ ಪಡೆಯದ ಕ್ವಾಡ್‌ಗಳಿಗೆ ನೋಂದಣಿಯಿಲ್ಲ. ಅವು ಖಾಸಗಿ ಜಮೀನಿನಲ್ಲಿ ಮಾತ್ರ ಓಡಬೇಕು. ಪೊಲಾರಿಸ್ 2021ರಲ್ಲಿ ಸ್ಪೋರ್ಟ್ಸ್‌ಮನ್ 570ರ ಒಂದು ಮಾದರಿಯನ್ನು ಟ್ರ್ಯಾಕ್ಟರ್ ವರ್ಗದಲ್ಲಿ ರಸ್ತೆಗೆ ಅರ್ಹವಾಗಿಸಿ ತಂದಿತು. ನೋಂದಾಯಿತ ವಾಹನಕ್ಕೆ ಮೋಟಾರು ವಾಹನ ಕಾಯ್ದೆ 1988ರ 52ನೆಯ ಕಲಮು ಅನ್ವಯಿಸುತ್ತದೆ. ತಯಾರಕರ ಮೂಲ ವಿವರಗಳನ್ನು ಬದಲಿಸುವ ಮಾರ್ಪಾಡು ಅದರಡಿ ನಿಷಿದ್ಧ. ಮುಂಬದಿಯ ಬುಲ್ ಬಾರ್‌ಗಳ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲಿ ರಾಜ್ಯಗಳಿಗೆ ಸೂಚನೆ ಕೊಟ್ಟದ್ದು ಇದೇ ಕಲಮಿನ ಆಧಾರದ ಮೇಲೆ. ಹೊಟ್ಟೆಯಡಿಯ ಫಲಕ ಪಾದಚಾರಿಗೆ ತಾಗುವಂಥದ್ದಲ್ಲ. ಆದರೂ ಹೊರಚಾಚುವ ಗಾರ್ಡ್‌ಗಳನ್ನು ರಸ್ತೆಗಿಳಿಯುವ ವಾಹನಕ್ಕೆ ಹಾಕಬಾರದು.

ಕವಚವಿದೆಯೆಂದು ಎಲ್ಲ ನೆಲವೂ ಓಡಿಸುವ ನೆಲವಾಗುವುದಿಲ್ಲ. ಕೃಷ್ಣಾ ಮಂಡಲದ ಮುಡುಮಾಲದಲ್ಲಿ ಬೃಹತ್ ಶಿಲಾಯುಗದ ನಿಲುಗಲ್ಲುಗಳ ಸಾಲುಗಳಿವೆ. 2025ರಲ್ಲಿ ಅದು ಯುನೆಸ್ಕೊ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಇಂಥ ಬಯಲುಗಳು, ಮೀಸಲು ಅರಣ್ಯ, ಬಿತ್ತಿದ ಹೊಲ ಇವು ಸವಾರಿಯ ಜಾಗಗಳಲ್ಲ.

ಸ್ಕಿಡ್ ಪ್ಲೇಟ್ ಯಂತ್ರವನ್ನು ಕಾಯುತ್ತದೆ, ಸವಾರನನ್ನಲ್ಲ. ಕ್ವಾಡ್ ಅಪಘಾತಗಳಲ್ಲಿ ಮುಖ್ಯ ಅಪಾಯ ವಾಹನ ಮಗುಚಿ ಸವಾರನ ಮೇಲೆ ಬೀಳುವುದು. ಆಸ್ಟ್ರೇಲಿಯ 2021ರ ಅಕ್ಟೋಬರ್‌ನಿಂದ ಕೃಷಿಬಳಕೆಯಂಥ ಸಾಮಾನ್ಯ ಬಗೆಯ ಹೊಸ ಕ್ವಾಡ್‌ಗಳಿಗೆ ಹಿಂಬದಿಯಲ್ಲಿ ಸವಾರ ರಕ್ಷಕ ಚೌಕಟ್ಟನ್ನು ಕಡ್ಡಾಯ ಮಾಡಿತು. ಹೋಂಡಾ, ಯಮಹಾ ಅಲ್ಲಿ ಆ ವಾಹನಗಳ ಮಾರಾಟ ನಿಲ್ಲಿಸಿದವು. ಭಾರತದಲ್ಲಿ ಕ್ವಾಡ್ ಕೊಳ್ಳುವವರು ಹೆಲ್ಮೆಟ್, ಬೂಟು ಮತ್ತು ಇಂಥ ಚೌಕಟ್ಟಿಗೆ ಮೊದಲು ಹಣ ಎತ್ತಿಟ್ಟು, ಉಳಿದದ್ದರಲ್ಲಿ ಹೊಟ್ಟೆಯ ಫಲಕ ನೋಡುವುದು ಯುಕ್ತ.